ಇಮಾಮಬೀ ಬಿಚ್ಚಿದ ಹುರಿ

ಇದು ಸರಿಯೇ ಎಂದು ಕೇಳಲು ದುರಗೇಶನ ಪಕ್ಕದಲ್ಲಿ ಇನ್ನೊಬ್ಬರಿರಲಿಲ್ಲ, ಪಕ್ಕದ ಕುರ್ಚಿ ಎರಡು ವರ್ಷದಿಂದ ಖಾಲಿ, ಅದರ ಮೇಲೆ ಅವನದೇ ಊಟದ ಡಬ್ಬಿ, ಅವನದೇ ಬ್ಯಾಗು, ಹರಿದ ಪಟ್ಟಿಗೆ ಕಟ್ಟಿದ ಕರಿ ಹುರಿ ಫ್ಯಾನಿನ ಗಾಳಿಗೆ ಅಲ್ಲಾಡುತ್ತಿದೆ — ಪರದೆಯ ಮೇಲೆ ಒಂದೇ ಸಾಲು, ಸಂಪರ್ಕ ಸಿಗುತ್ತಿಲ್ಲ. ಸಿಗಬೇಕಲ್ಲ, ಹೊಸ ಡೇಟಾಬೇಸು ನಡೆಯುತ್ತಿದೆ, ಈಗಷ್ಟೇ ತೆಗೆದದ್ದು ಹಳೆಯದನ್ನು ಮಾತ್ರ, ಈ ಕಂಪ್ಯೂಟರಿನ ಲಿನಕ್ಸಿನಲ್ಲಿ ಡೇಟಾಬೇಸಿನ ಹೊಸ ಆವೃತ್ತಿ ಹಾಕಿದರೆ ಹಳೆಯದು ತಾನಾಗಿ ಹೋಗುವುದಿಲ್ಲ, ಎರಡೂ ಅಕ್ಕಪಕ್ಕ ನಡೆಯುತ್ತವೆ, ಒಳಹೋಗುವ ಬಾಗಿಲು, ಪೋರ್ಟ್ ನಂಬರು, ಬೇರೆ ಅಷ್ಟೇ, ಅವನಿಗೆ ಗೊತ್ತಿತ್ತು, ಎಲ್ಲವನ್ನೂ ನಕಲು ಮಾಡಿ ಎರಡೂ ಕಡೆ ಎಣಿಸಿಯೂ ಇದ್ದ, ಅಲ್ಲೂ ಸಾವಿರದ ಎಂಟುನೂರ ನಲವತ್ತಾರು ಹುಟ್ಟು, ಇಲ್ಲೂ ಅಷ್ಟೇ — ಅದು ಹನ್ನೊಂದು ದಿನದ ಹಿಂದೆ. ಇವತ್ತು ಎಣಿಸಲಿಲ್ಲ. ಡಿಸ್ಕು ತುಂಬಿತ್ತು, ಹಳೆಯದನ್ನು ಬೇರುಸಹಿತ ಕೀಳುವ ಆಜ್ಞೆ ಕೊಟ್ಟ, ಒಳಗಿನ ಡೇಟಾವನ್ನೂ ಅಳಿಸಲೇ ಎಂದು ಅದು ಕೇಳಿತು, ಇಡೀ ದಿನದಲ್ಲಿ ಅವನನ್ನು ಏನಾದರೂ ಕೇಳಿದ್ದು ಅದೊಂದೇ, ಹೌದು ಎಂದ.

ಹುಟ್ಟಿದ ದಿನಕ್ಕೆ ಕಾಗದವಿಲ್ಲದವರ ಹುಟ್ಟನ್ನು ಸೂಲಗಿತ್ತಿಯರಿಂದ ಕೇಳಿ ಬರೆದಿಡುವುದು ಕೊಪ್ಪಳದ ಈ ಸಣ್ಣ ಸಂಸ್ಥೆಯ ಕೆಲಸ, ಕಳೆದ ವಾರ ಯಲಬುರ್ಗಾ ಕಡೆಯ ಹಳ್ಳಿ, ಐದು ದಿನ ಸೂಲಗಿತ್ತಿ ಇಮಾಮಬೀಯ ಕಟ್ಟೆ, ಅವಳ ಮಡಿಲಲ್ಲಿ ಕಂಬಳಿ ನೂಲಿನ ಹುರಿ, ಹೆರಿಗೆಗೊಂದು ಗಂಟು, ಗಂಡಾದರೆ ಒಂಟಿ, ಹೆಣ್ಣಾದರೆ ಜೋಡಿ, ಬೆರಳು ಗಂಟನ್ನು ಸವರಿದರೆ ಬಾಯಿ ಹೇಳುತ್ತದೆ, ಈಕಿ ಗಾಳೆಮ್ಮ, ಕೆರಿ ಒಡೆದ ವರ್ಷ, ಕಾರಹುಣ್ಣಿಮಿ ಆಗಿ ಮೂರನೇ ದಿನ — ಗಾಳೆಮ್ಮ ಅಲ್ಲೇ ನಿಂತಿದ್ದಳು, ಬರಕೊಂಡಿ ಏನಪಾ, ಪಿನ್ಸನ್ನಿಗೆ ಹೋದ್ರ ಯಾವಾಗ ಹುಟ್ಟೀದಿ ಅಂತಾರ, ಹುಟ್ಟೂ ಮುಂದ ನಾ ನೋಡಿಲ್ರಿ ಅಂದು ಬಂದೆ, ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು, ಬರೆದೆ ಎಂದು ಅವನು ಲ್ಯಾಪ್‌ಟಾಪಿನಿಂದ ತಲೆ ಎತ್ತಿದರೆ ಇಮಾಮಬೀ ಆ ಗಂಟನ್ನು ಹಲ್ಲಿನಿಂದ ಸಡಿಲಿಸಿ ಬಿಚ್ಚುತ್ತಿದ್ದಳು. ಯಾಕಮ್ಮಾ ಬಿಚ್ಚತೀರಿ, ಇರಲಿ ಬಿಡ್ರಿ. ನಿನ್ನ ಡಬ್ಬ್ಯಾಗ ಹೋತಲ್ಲ ತಮ್ಮಾ, ಎರಡ ಕಡೆ ಯಾಕ ಇಡಬೇಕು, ಗಂಟು ಕೈಯಾಗಿದ್ರನ ಹೆಸರು ಬಾಯಾಗ ಬರ್ತೈತಿ, ಬಿಚ್ಚಿದ್ನೆಂದ್ರ ನಾ ಹಗೂರ. ಅವನು ಎರಡನೇ ಸಲ ಬೇಡ ಎನ್ನಲಿಲ್ಲ, ಪ್ರತಿ ಹೆಸರಿಗೂ ಒಂದು ಗಂಟು ಬಿಚ್ಚಿತು, ಐದನೇ ಸಂಜೆ ಬರಿ ಹುರಿ ಅವನ ಕೈಗೆ, ತಗೋ, ನಿನ್ನ ಚೀಲ ಹರದೈತಿ.

ಈಗ ಹೊಸದರಲ್ಲಿ ಎಣಿಸುತ್ತಾನೆ, ಸಾವಿರದ ಎಂಟುನೂರ ನಲವತ್ತಾರು, ಮತ್ತೊಮ್ಮೆ, ಅಷ್ಟೇ, ಕೊನೆಯ ಹುಟ್ಟು ಕುಷ್ಟಗಿಯದು — ಹೆಸರು ಬರೆಯುವ ಪರದೆಗೆ ಹೊಸ ಪೋರ್ಟ್ ನಂಬರು ಹೇಳಿರಲೇ ಇಲ್ಲ, ಒಂದು ಸಾಲು ಬದಲಿಸಬೇಕಿತ್ತು, ನಾಳೆ ಎಂದುಕೊಂಡಿದ್ದ, ಇಮಾಮಬೀ ಹೇಳಿದ್ದೆಲ್ಲ ಹಳೆಯದಕ್ಕೇ ಹೋಗಿದೆ, ಬ್ಯಾಕಪ್ಪು ಅದಕ್ಕೂ ಮುಂಚಿನದು, ಕಾಗದದಲ್ಲಿ ಬರೆದಿಲ್ಲ. ಮೊಬೈಲಿನಲ್ಲಿ ಅವಳ ನಂಬರು ತೆಗೆದ, ಏನೆಂದು ಕೇಳುವುದು, ಅವಳು ಹಗೂರ ಆಗಿದ್ದಾಳೆ, ಮೊಬೈಲನ್ನು ಬೋರಲು ಹಾಕಿದ. ಬ್ಯಾಗಿನಿಂದ ಹುರಿ ಬಿಚ್ಚಿಕೊಂಡ, ಗಂಟಿದ್ದಲ್ಲೆಲ್ಲ ನೂಲು ಇನ್ನೂ ಸೊಟ್ಟಗಿದೆ, ಬೆರಳು ಸವರಿದ, ಒಂದು ಸೊಟ್ಟು, ಇನ್ನೊಂದು, ಒಂಟಿಯೋ ಜೋಡಿಯೋ ತಿಳಿಯುವುದಿಲ್ಲ, ಬಾಯಿಗೆ ಏನೂ ಬರುವುದಿಲ್ಲ, ಗಾಳೆಮ್ಮ, ಕೆರೆ ಒಡೆದ ವರ್ಷ, ಮುಂದಿನ ಸೊಟ್ಟು, ಮುಂದಿನದು, ತುದಿ. ಸೊಟ್ಟು ನೂರಾ ಹನ್ನೆರಡು. ನೆನಪಿರುವ ಹೆಸರು ಒಂದು. ಹೋದದ್ದು ನೂರಾ ಹನ್ನೊಂದು.