ಅಂಜಿನಕ್ಕ ಮುತ್ತು ಕಟ್ಟಲಿಲ್ಲ

ಎರಡು ಕೋಣ ಕಾದಾಡಿದರೆ ಗಿಡಕ್ಕೆ ಸಾವು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ತೊಂಬತ್ತೆಂಟರ ಮಾತು. ಗುಡೇಕೋಟೆ ಕಡೆಯ ಒಂದು ಹಳ್ಳಿ. ಅಲ್ಲಿನ ಹೋಟೆಲಿನಲ್ಲಿ ಮೇಲುಕೇರಿಯವರಿಗೆಂದು ಇಟ್ಟ ಲೋಟದಲ್ಲಿ ಕೆಳಕೇರಿಯ ಗಾದಿಲಿಂಗ ಚಹಾ ಕುಡಿದ. ಬಡಿದಾಟವಾಗಿ ಅವನು ಜೈಲು ಸೇರಿದ. ಗಂಡಸರ ಜಗಳ ಅಲ್ಲಿಗೆ ಮುಗಿಯಿತು, ಹೆಂಗಸರ ಗೋಳು ಶುರುವಾಯಿತು. ಅವನ ಮನೆಯವರನ್ನು ಯಾರೂ ಕೂಲಿಗೆ ಕರೆಯಲಿಲ್ಲ, ಗಿರಣಿಯಲ್ಲಿ ಜೋಳವನ್ನೂ ಬೀಸಿಕೊಡಲಿಲ್ಲ. ಬಾಣಂತಿ ಹೆಂಡತಿಗೆ ಎದೆಹಾಲು ಬತ್ತಿತು. ಹನ್ನೆರಡರ ಮಗಳು ಶಾಂತಿ ಸಾಲೆ ಬಿಟ್ಟು ಕೂಸನ್ನು ಸಮಾಧಾನ ಮಾಡುತ್ತ ಕೂತಳು.

ಆಗ ಗಾದಿಲಿಂಗನ ತಾಯಿ ನಾಗಲಿಂಗಮ್ಮನಿಗೆ ಹಳೆಯ ದಾರಿ ನೆನಪಾಯಿತು. ಮೊಮ್ಮಗಳಿಗೆ ದೇವಿಯ ಹೆಸರಲ್ಲಿ ಮುತ್ತು ಕಟ್ಟಿ ದೇವದಾಸಿ ಮಾಡಿಬಿಟ್ಟರೆ ಮದುವೆಯ ಗೊಡವೆಯಿಲ್ಲ. ಉಳ್ಳವನೊಬ್ಬ ಇಟ್ಟುಕೊಂಡರೆ ಮನೆಮಂದಿಗೆಲ್ಲ ಕೂಳು! ಕಾನೂನು ಇದನ್ನು ನಿಷೇಧಿಸಿ ಎಷ್ಟೋ ವರ್ಷವಾಗಿತ್ತು. ಅದಕ್ಕೇ ಕುಲದ ಹಿರಿಯರನ್ನು ಕರೆಸಿ, ಮನೆಯೊಳಗೆ ಕದ ಹಾಕಿಕೊಂಡು ಕೂತರು. ಮುತ್ತು ಕಟ್ಟಬೇಕಾದವಳು ಮೊದಲೇ ಕಟ್ಟಿಸಿಕೊಂಡ ಹೆಂಗಸೇ ಆಗಬೇಕು. ಅಂಥವಳು ಮನೆಯಲ್ಲೇ ಇದ್ದಳಲ್ಲ, ಗಾದಿಲಿಂಗನ ಅಕ್ಕ ಅಂಜಿನಕ್ಕ!

ಮಣಿಸರವಿದ್ದ ತಟ್ಟೆಯನ್ನು ಅಂಜಿನಕ್ಕ ಅತ್ತ ಸರಿಸಿದಳು. ತನಗೆ ಮುತ್ತು ಕಟ್ಟಿದಾಗ ಅವಳಿಗೂ ಶಾಂತಿಯಷ್ಟೇ ವಯಸ್ಸು. ಹೊಸ ಸೀರೆ ಸಿಕ್ಕಿತೆಂದು ಕುಣಿದಿದ್ದಳು, ಪಾಪ.

“ಕಟ್ಟವಾ, ಹೊತ್ತಾಗತೈತಿ,” ಎಂದ ಕುಲದ ಹಿರಿಯ ಯರ್ರೆಪ್ಪ. “ಇನ್ನ ಮ್ಯಾಲೆ ಹುಡುಗಿ ಮನಿಗೆ ಗಂಡಮಗ ಇದ್ದಂಗ.”

“ಗಂಡಮಗ ಆಗಿದ್ರ ಕೂಲಿಗೆ ಕಳಸ್ತಿದ್ರಿ. ಇಕಿನ್ನ ಎಲ್ಲಿಗೆ ಕಳಸ್ತೀರಿ? ಬಾಯಿಬಿಟ್ಟು ಹೇಳ್ರಿ,” ಎಂದಳು ಅಂಜಿನಕ್ಕ.

“ದೇವಿ ಸಿಟ್ಟಾಗ್ತಾಳ!”

“ದೇವಿ ಒಂದಿನಾನೂ ನನ್ನ ಬಾಗಿಲು ಬಡಿದಿಲ್ಲ. ಬಡಿದೋರು ಯಾರ್ಯಾರಂತ ಹೆಸರು ಹೇಳ್ಲೇನ್ರಿ, ಹಿರೇರ?”

ಹಿರಿಯರಿಗೆ ತಟ್ಟನೆ ಹೊರಗೆ ಏನೋ ಕೆಲಸ ನೆನಪಾಯಿತು. ಯರ್ರೆಪ್ಪ ಚಪ್ಪಲಿ ಹುಡುಕುತ್ತ ಎಲ್ಲರಿಗಿಂತ ಮೊದಲು ಎದ್ದ.

ನಾಗಲಿಂಗಮ್ಮ ಎದೆ ಬಡಿದುಕೊಂಡಳು. “ನನ್ನ ಮಗಳಾಗಿ ಮನಿ ಮುಳುಗಿಸ್ತೀಯಲ್ಲೇ! ಕೂಸಿನ ಬಾಯಿಗೆ ಏನು ಹಾಕ್ತಿ?”

“ನಾಳೆ ಕೊಟ್ಟೂರು ಬಸ್ ಹತ್ತತೀನಿ. ಅಲ್ಲಿ ಶೇಂಗಾ ಆರಿಸಾಕ ಹೋದ್ರ ನಿಮ್ಮದ್ಯಾವ ಕೇರಿ ಅಂತ ಯಾರೂ ಕೇಳಂಗಿಲ್ಲ. ಇವರೆಲ್ಲಾರ್ನೂ ಕರಕೊಂಡು ಹೋಗ್ತೀನಿ. ಅಲ್ಲೂ ಸಾಲಿ ಐತಿ.”

“ನಿನಗ ಕಟ್ಟಲಿಲ್ಲೇನು? ನೀ ಸತ್ತೇನು?”

ಅಂಜಿನಕ್ಕ ತಮ್ಮನ ಮಗಳ ಕೈಹಿಡಿದು ಎಬ್ಬಿಸಿದಳು. ಸಿಟ್ಟಿನ ದನಿಯಲ್ಲ ಅವಳದು.

“ನಾ ನಿನ್ನ ಮಗಳು, ನನ್ನ ನೀ ಕೊಟ್ಟಿ. ಇಕಿ ನನ್ನ ಸೊಸಿಯವ್ವಾ. ನಾ ಕೊಡಂಗಿಲ್ಲ.”