ಎರಡನೆಯ ತುಂಡು

ಕೊಣನೂರಿನ ಸುದರ್ಶನನ ಲಿವರ್ ಕುಡಿತಕ್ಕೆ ಪೂರ್ತಿ ಹಾಳಾದಾಗ, ತನ್ನದರಲ್ಲಿ ಅರ್ಧಕ್ಕಿಂತ ಹೆಚ್ಚು ಕೊಟ್ಟವಳು ಅವನ ಅಕ್ಕ ಮೇಘಶ್ರೀ. ಚನ್ನರಾಯಪಟ್ಟಣದಲ್ಲಿ ಗಂಡ ರಜನೀಶನ ಜೊತೆ ಕೊಬ್ಬರಿ ಅಂಗಡಿ ನೋಡಿಕೊಂಡಿದ್ದವಳು, ಅವನು ಬೇಡವೆಂದರೂ ಕೇಳದೆ ಬೆಂಗಳೂರಿಗೆ ಹೋಗಿ ಹೊಟ್ಟೆ ಕೊಯ್ಯಿಸಿಕೊಂಡಳು.

"ಉಳಿದ ಚೂರೇ ಹಿಗ್ಗಿ ಕೆಲವು ತಿಂಗಳಲ್ಲಿ ಹಳೆಯ ತೂಕಕ್ಕೆ ಬರುತ್ತದಮ್ಮ. ನಿಮ್ಮ ತಮ್ಮನ ಹೊಟ್ಟೆಯಲ್ಲೂ ಹಾಗೇ" ಎಂದಿದ್ದರು ಡಾಕ್ಟರು.

ಹಾಗೇ ಆಯಿತು. ಮೊದಮೊದಲು ಮೇಘಶ್ರೀಗೆ ಕೆಮ್ಮಿದರೆ ಹೊಲಿಗೆ ಬಿಟ್ಟುಕೊಳ್ಳುತ್ತದೇನೋ ಎನ್ನಿಸುತ್ತಿತ್ತು. ತುಂಬಿದ ಕೊಡ ಎತ್ತಲೂ ಆಗುತ್ತಿರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಸ್ಕ್ಯಾನಿನಲ್ಲಿ ಲಿವರ್ ತುಂಬಿಕೊಂಡಿತ್ತು.

ಸುದರ್ಶನನದೂ ತುಂಬಿಕೊಂಡಿತು. ವರ್ಷ ಕಳೆಯುವುದರೊಳಗೆ ಅವನು ಮತ್ತೆ ಬಾಟಲಿ ಹಿಡಿದ. ಬೈಯಲು ಹೋದವಳಿಗೆ ನಗುತ್ತಲೇ ಹೇಳಿದ: "ಅದು ಬೆಳ್ಕಂತದೆ ಕಣಕ್ಕ. ಡಾಕ್ಟ್ರೇ ಅಂದವ್ರಲ್ಲ." ಮಾತ್ರೆ ನುಂಗುವುದನ್ನೂ ಬಿಟ್ಟ.

ಮರುವರ್ಷ ಅವನ ಕಣ್ಣು ಮತ್ತೆ ಹಳದಿಯಾಯಿತು, ಹೊಟ್ಟೆಯಲ್ಲಿ ನೀರು ತುಂಬಿತು. ತಾಯಿ ಮಾದಮ್ಮ ಬಸ್ಸು ಹತ್ತಿ ಮಗಳ ಮನೆಗೆ ಬಂದಳು.

"ನಿಂದು ಬೆಳ್ದದಲ್ಲವ್ವ. ಇನ್ನೊಂದು ಚೂರು ಕೊಟ್ಬುಡು. ಮತ್ತೆ ಬೆಳೀತದೆ."

ರಜನೀಶ ಎದ್ದು ಹೊರಗೆ ಹೋದ. ಮೇಘಶ್ರೀಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ. "ಡಾಕ್ಟ್ರನ್ನ ಕೇಳ್ಕಂಡು ಬತ್ತೀನಿ ಕಣವ್ವ" ಎಂದಳು.

ಡಾಕ್ಟರು ಆಗುವುದಿಲ್ಲವೆಂದು ತಲೆಯಾಡಿಸಿದರು. "ತೂಕ ಬಂದಿದೆ, ನಿಜ. ಆದರೆ ಕೊಯ್ದುಕೊಟ್ಟ ಭಾಗ ಮರಳಿ ಹುಟ್ಟಿಲ್ಲ. ಅದರ ರಕ್ತನಾಳ, ಪಿತ್ತನಾಳ ಅದರ ಜೊತೆಗೇ ಹೋದವು. ಉಳಿದದ್ದು ದಪ್ಪಗಾಗಿದೆ, ಅಷ್ಟೆ. ಇನ್ನೊಮ್ಮೆ ಕೊಯ್ದರೆ ನೀವು ಉಳಿಯುವುದಿಲ್ಲ."

ಆ ಮಾತು ಕೇಳಿದ ಕೂಡಲೇ ಅವಳ ಎದೆ ಹಗುರಾಯಿತು. ಎಷ್ಟು ಹಗುರವೆಂದರೆ, ಬಸ್ ಸ್ಟ್ಯಾಂಡಿನಲ್ಲಿ ಹಸಿವಾಗಿ ತಟ್ಟೆ ಇಡ್ಲಿ ತರಿಸಿಕೊಂಡು ತಿಂದಳು. ಕೈ ತೊಳೆಯುವಾಗ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಕೊಣನೂರಿಗೆ ಹೋಗಿ ಹೇಳಿದಳು. ಸುದರ್ಶನ ಗೋಡೆಯ ಕಡೆ ತಿರುಗಿ ಮಲಗಿದ. ಮಾದಮ್ಮ ಮಗಳ ಹೊಟ್ಟೆಯನ್ನೇ ನೋಡುತ್ತಾ ಕೇಳಿದಳು: "ಡಾಕ್ಟ್ರು ಅಂದ್ರೋ, ನಿನ್ ಗಂಡ ಏಳ್ಕೊಟ್ನೋ?"

ಆ ತಿಂಗಳು ಮುಗಿಯುವ ಮೊದಲೇ ಸುದರ್ಶನ ತೀರಿಕೊಂಡ. ತಿಥಿಯ ದಿನ ಮಾದಮ್ಮ ತಾನೇ ನಿಂತು ಬಂದವರಿಗೆಲ್ಲ ಬಡಿಸಿದಳು. ಮಗಳ ಎಲೆಯ ಮುಂದೆ ಬಂದಾಗ ಸೌಟನ್ನು ಪಾತ್ರೆಗೆ ಬಿಟ್ಟು ಒಳಗೆ ನಡೆದಳು. ಬೇರೆ ಯಾರೋ ಬಂದು ಅನ್ನ ಇಕ್ಕಿದರು. ಮೇಘಶ್ರೀ ತಲೆ ತಗ್ಗಿಸಿಕೊಂಡು ಉಂಡಳು.