ಅದೇ ಲಿಫ್ಟು, ಅದೇ ಪೆಟ್ಟು

ಲಿಫ್ಟು ಕಳಚಿ ಬಿದ್ದಾಗ ಒಳಗೆ ಇಬ್ಬರಿದ್ದರು: ರಿಪೇರಿಯವನು ಮತ್ತು ಕಂಪನಿಯ ಮ್ಯಾನೇಜರು. ಇಬ್ಬರ ತಲೆಗೂ ಪೆಟ್ಟಾಯಿತು. ಮ್ಯಾನೇಜರು ಮೂರೇ ತಿಂಗಳಲ್ಲಿ ಕುರ್ಚಿಗೆ ಮರಳಿದರು. ರಿಪೇರಿಯವನಿಗೆ ಎಂಟು ತಿಂಗಳಾದರೂ ಬೆಳಗಿನ ತಿಂಡಿ ಮಧ್ಯಾಹ್ನಕ್ಕೆ ನೆನಪಿರುತ್ತಿರಲಿಲ್ಲ. ಕಂಪನಿ ಅದನ್ನು ಸೋಮಾರಿತನ ಎಂದು ಕರೆಯಿತು.

ಇವತ್ತು ಆರನೇ ಮಹಡಿಯ ಕೋಣೆಯಲ್ಲಿ ತೀರ್ಮಾನ. ಫಿಟ್ ಎಂದುಬಿಟ್ಟರೆ ಚಿಕಿತ್ಸೆ ನಿಲ್ಲುತ್ತದೆ, ಸೋಮವಾರದಿಂದ ಅವನು ಮತ್ತೆ ಲಿಫ್ಟುಗಳ ನೆತ್ತಿ ಹತ್ತಬೇಕು. ಈ ಕಟ್ಟಡದ ಲಿಫ್ಟು ಎರಡು ದಿನದಿಂದ ಕೆಟ್ಟು, ಬಾಗಿಲಿಗೆ ಬೋರ್ಡು ನೇತಾಡುತ್ತಿತ್ತು. ಡಾಕ್ಟರು, ಮ್ಯಾನೇಜರು, ರಿಪೇರಿಯವನು, ಅವನ ಹೆಂಡತಿ ಎಲ್ಲರೂ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಿದ್ದರು.

ಕಂಪನಿಯ ಡಾಕ್ಟರು ತಟ್ಟೆಯಲ್ಲಿ ನಟ್ಟು ಬೋಲ್ಟು ಇಟ್ಟು ಜೋಡಿಸಲು ಹೇಳಿದರು. ಅವನು ಕಿಟಕಿಯಾಚೆ ನೋಡುತ್ತಲೇ ಅಷ್ಟನ್ನೂ ಜೋಡಿಸಿಬಿಟ್ಟ. ಹೆಂಡತಿ ತಡೆಯಲೆಂದು ತಟ್ಟೆಗೆ ಕೈ ಚಾಚುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೈಯಾದರೂ ಚುರುಕಾಗಲೆಂದು ಅಡುಗೆಮನೆಯಲ್ಲಿ ಕೂರಿಸಿ ದಿನಾ ಅದನ್ನೇ ಮಾಡಿಸಿದವಳು ಅವಳೇ.

ಡಾಕ್ಟರು ಫಿಟ್ ಎಂದು ಬರೆದರು. ಸಹಿಗೆ ಮುಂಚೆ, ಚೇತರಿಕೆ ಒಬ್ಬೊಬ್ಬರದು ಒಂದೊಂದು ಥರ, ವಯಸ್ಸು, ಪೆಟ್ಟು ಬಿದ್ದ ಜಾಗ, ಮನೋಬಲ ಎಲ್ಲವೂ ಲೆಕ್ಕಕ್ಕೆ ಬರುತ್ತವೆ ಎಂದು ವಿವರಿಸಿದರು. ಮ್ಯಾನೇಜರನ್ನು ಹತ್ತೇ ನಿಮಿಷದಲ್ಲಿ ಕಾರಿನಲ್ಲಿ ಆಸ್ಪತ್ರೆಗೆ ಒಯ್ದದ್ದು, ತನ್ನ ಗಂಡ ಪಾಳಿ ಮುಗಿಯುವ ತನಕ ಗೋಣಿಚೀಲದ ಮೇಲೆ ಬಿದ್ದಿದ್ದದ್ದು ಆ ಲೆಕ್ಕಕ್ಕೆ ಬರುತ್ತದೆಯೇ ಎಂದು ಅವಳು ಕೇಳಿದಳು. ಫಾರಂನಲ್ಲಿ ಅದಕ್ಕೆ ಜಾಗವಿರಲಿಲ್ಲ.

"ಸರಿ ಸಾರ್. ಫಿಟ್ ಆದೋರು ಸೋಮವಾರದ ತನಕ ಯಾಕೆ ಕಾಯ್ಬೇಕು? ಈ ಲಿಫ್ಟನ್ನೇ ರಿಪೇರಿ ಮಾಡ್ಲಿ ಇವರು" ಎಂದಳು ಅವಳು.

ಫಿಟ್ ಎಂದು ಬರೆದ ಮೇಲೆ ಬೇಡವೆನ್ನಲಾಗದೆ ಡಾಕ್ಟರು ವಾಚ್‌ಮನ್‌ನಿಂದ ಸಲಕರಣೆ ತರಿಸಿಕೊಟ್ಟರು. ಮುಕ್ಕಾಲು ಗಂಟೆಯಲ್ಲಿ ಲಿಫ್ಟು ಆರನೇ ಮಹಡಿಗೆ ಬಂದು ಬಾಗಿಲು ತೆರೆಯಿತು. ಒಳಗೆ ಫ್ಯಾನು ತಿರುಗುತ್ತಿತ್ತು.

"ನೀವೂ ಮ್ಯಾನೇಜರೂ ಹತ್ತಿ ಸಾರ್. ಕೆಳಗೆ ಹೋಗಿ ಸಹಿ ಹಾಕಿ."

ಮೆಟ್ಟಿಲಿಳಿದರೆ ಮಂಡಿಗೆ ಒಳ್ಳೆಯದು ಎಂದರು ಡಾಕ್ಟರು. ಮ್ಯಾನೇಜರು ಹಿಂದಕ್ಕೆ ಸರಿದು ಗೋಡೆ ಹಿಡಿದುಕೊಂಡರು.

ಅವಳು ಫಾರಂ ಮುಂದೆ ಹಿಡಿದಳು. "ಯಾಕೆ ಹತ್ತಲ್ಲ ಅಂತ ಇದ್ರಲ್ಲೇ ಬರೀರಿ ಸಾರ್."

ಡಾಕ್ಟರು ಫಿಟ್ ಎಂಬುದನ್ನು ಹೊಡೆದುಹಾಕಿ, ಇನ್ನಾರು ತಿಂಗಳು ಚಿಕಿತ್ಸೆ ಎಂದು ಬರೆದು ಸಹಿ ಮಾಡಿದರು. ಕಾರಣದ ಜಾಗ ಖಾಲಿ ಬಿಟ್ಟರು.

ಎಲ್ಲರೂ ಮೆಟ್ಟಿಲಲ್ಲೇ ಇಳಿದರು. ನಾಲ್ಕನೇ ಮಹಡಿಯಲ್ಲಿ ಗಂಡ ಜೇಬಿನಿಂದ ಲಿಫ್ಟಿನ ಗ್ರೀಸು ಮೆತ್ತಿದ ಎರಡು ಬೋಲ್ಟು ತೆಗೆದು, "ಇವು ಎಲ್ಲಿಯವು?" ಎಂದು ಕೇಳಿದ. ಅವಳು ಅವನ್ನು ಇಸಿದುಕೊಂಡು ಚೀಲಕ್ಕೆ ಹಾಕಿದಳು. ಕೆಳಗಿಳಿದವಳೇ ವಾಚ್‌ಮನ್‌ಗೆ ಹೇಳಿ ಲಿಫ್ಟಿನ ಕರೆಂಟು ತೆಗೆಸಿ, ಕೆಟ್ಟಿದೆ ಎಂಬ ಬೋರ್ಡನ್ನು ಬಾಗಿಲಿಗೆ ಮೊದಲಿನಂತೆಯೇ ನೇತುಹಾಕಿದಳು.